ನಗಿಸೋಕೇ ಅಂತ ಕೆತ್ತಿದ ಮುಖ: ಗೊಂಗೋಲಿ ಬಗ್ಗೆ ಒಂದಿಷ್ಟು ಮಾತು

ಈ ಸ್ಕ್ರೀನ್ ಮೇಲೆ ಫೋಟೋ ಬಂದ ತಕ್ಷಣ ಹಿಂದಿನ ಸಾಲಲ್ಲಿ ಯಾರೋ "ದೃಷ್ಟಿ ಬೊಂಬೆ" ಅಂದ್ರಿ, ಕೇಳಿಸ್ತು. ಸರಿನೇ, ನಮ್ಮ ಕಣ್ಣಿಗೆ ಹಾಗೇ ಕಾಣೋದು. ಅರ್ಧ ಕಟ್ಟಿದ ಮನೆ ಮುಂದೆ ನೇತುಹಾಕಿರ್ತೀವಲ್ಲ, ದಪ್ಪ ಕಣ್ಣು, ದಪ್ಪ ಮೂಗು, ಬಾಯಿ ತುಂಬ ಹಲ್ಲು. ಆದ್ರೆ ಅದು ಕೆಟ್ಟ ಕಣ್ಣು ತಡೆಯೋಕೆ ಇರೋದು. ಇದು ಯಾವುದನ್ನೂ ತಡೆಯಲ್ಲ, ಯಾರನ್ನೂ ಕಾಯಲ್ಲ, ಮಳೆ ಬರ್ಸಲ್ಲ, ರೋಗ ವಾಸಿ ಮಾಡಲ್ಲ. ಇದು ಬಂದ್ರೆ ಜನ ನಗ್ತಾರೆ. ಅಷ್ಟೇ ಇದರ ಕೆಲಸ. ಇದೊಂದು ಮರದ ಮುಖವಾಡ, ಹೆಸರು ಗೊಂಗೋಲಿ, ಊರು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್, ಜನ ಮೆಂಡೆ.

ಮೆಂಡೆ ಜನ ಆ ದೇಶದ ದಕ್ಷಿಣ ಮತ್ತೆ ಪೂರ್ವ ಭಾಗದಲ್ಲಿದ್ದಾರೆ, ಬೋ, ಕೆನೆಮಾ ಇವೆಲ್ಲ ಅವರ ದೊಡ್ಡ ಊರುಗಳು, ದೇಶದ ಜನಸಂಖ್ಯೆಲಿ ಹೆಚ್ಚುಕಮ್ಮಿ ಮೂರರಲ್ಲೊಂದು ಭಾಗ ಅವರೇ. ಭತ್ತ ಬೆಳೆಯೋ ಜನ, ದಿನಾ ಅನ್ನ ತಿನ್ನೋ ಜನ, ಅನ್ನದ ಜೊತೆ ಮರಗೆಣಸಿನ ಸೊಪ್ಪಿನ ಸಾರು, ಅದಕ್ಕೆ ಧಾರಾಳವಾಗಿ ಕೆಂಪು ತಾಳೆಣ್ಣೆ. ಈ ತಾಳೆಣ್ಣೆ ಇನ್ನೊಂದು ಸಲ ಬರತ್ತೆ, ನೆನಪಲ್ಲಿಟ್ಕೊಳಿ. ಅವರ ಸಮಾಜದಲ್ಲಿ ಗಂಡಸರಿಗೊಂದು ಸಂಘ, ಪೋರೋ ಅಂತ, ಹೆಂಗಸರಿಗೊಂದು, ಸಾಂಡೆ ಅಂತ. ಹುಡುಗ್ರು ಹುಡುಗೀರು ದೊಡ್ಡವರಾಗ್ಬೇಕು ಅಂದ್ರೆ ಈ ಸಂಘಕ್ಕೆ ಸೇರ್ಬೇಕು, ಕಾಡಲ್ಲಿ ಅವರದ್ದೇ ಜಾಗ ಇರತ್ತೆ, ಅಲ್ಲಿ ಕಲಿಯೋದು, ಅಲ್ಲಿನ ವಿಷಯ ಹೊರಗೆ ಹೇಳೋ ಹಾಗಿಲ್ಲ. ಸಾಂಡೆ ದೀಕ್ಷೆಲಿ ಹುಡುಗೀರ ಜನನಾಂಗ ಕತ್ತರಿಸೋ ಪದ್ಧತಿನೂ ಇದೆ, ಅದನ್ನ ನಿಲ್ಲಿಸ್ಬೇಕು ಅಂತ ಅಲ್ಲೇ ದೊಡ್ಡ ಜಗಳ ನಡೀತಾ ಇದೆ. ಇವತ್ತಿನ ವಿಷಯ ಅದಲ್ಲ, ಆದ್ರೂ ಹೇಳ್ದೆ ಮುಂದಕ್ಕೆ ಹೋದ್ರೆ ನಾನು ಮುಖವಾಡದ ಚಂದ ಮಾತ್ರ ಮಾರಾಟ ಮಾಡ್ದಂಗಾಗತ್ತೆ.

ಗೊಂಗೋಲಿ ಯಾಕೆ ನಗು ತರಿಸತ್ತೆ ಅಂತ ಗೊತ್ತಾಗ್ಬೇಕಾದ್ರೆ ಮೊದಲು ನಗಬಾರದ ಮುಖವಾಡಗಳನ್ನ ನೋಡ್ಬೇಕು. ಮುಂದಿನ ಸ್ಲೈಡು ನೋಡಿ. ಇದು ಸೋವೆಯಿ, ಸಾಂಡೆ ಹೆಂಗಸರದ್ದು. ಆಫ್ರಿಕಾದಲ್ಲಿ ಮುಖವಾಡ ಹಾಕೋರು ಬಹುತೇಕ ಗಂಡಸರೇ, ಮರದ ಮುಖವಾಡವನ್ನ ಹೆಂಗಸರೇ ಹಾಕಿ ಕುಣಿಯೋ ಜಾಗ ತೀರಾ ಕಮ್ಮಿ, ಅದರಲ್ಲಿ ಇದು ಒಂದು. ಕೆತ್ತೋರು ಗಂಡಸರು, ಹಾಕೋರು ಹೆಂಗಸರು. ಮುಖಕ್ಕೆ ಕಟ್ಟೋದಲ್ಲ, ಹೆಲ್ಮೆಟ್ ಥರ ಪೂರ್ತಿ ತಲೆ ಮೇಲಿಂದ ಇಳಿಸೋದು. ಹಗುರವಾದ ಒಂದೇ ಮರದ ತುಂಡು, ಒಳಗೆಲ್ಲ ಕೊರೆದು ಟೊಳ್ಳು ಮಾಡಿ, ಹೊರಗೆ ಎಲೆ ಬಣ್ಣದಲ್ಲಿ ಕಪ್ಪು ಮಾಡಿ, ಆಮೇಲೆ ತಾಳೆಣ್ಣೆ ಹಚ್ಚಿ ಉಜ್ಜಿ ಉಜ್ಜಿ ಫಳಫಳ ಹೊಳಿಯೋ ಹಾಗೆ ಮಾಡ್ತಾರೆ. ಹೇಳಿದ್ನಲ್ಲ, ತಾಳೆಣ್ಣೆ.

ಇದರ ಮುಖ ಗಮನಿಸಿ. ಅಗಲವಾದ ಹಣೆ, ಅರ್ಧ ಮುಚ್ಚಿದ ಸಣ್ಣ ಕಣ್ಣು, ಸಣ್ಣ ಕಿವಿ, ಬಾಯಂತೂ ಇದೆಯೋ ಇಲ್ವೋ ಅನ್ನೋಷ್ಟು ಚಿಕ್ಕದು, ಅದೂ ಮುಚ್ಚಿದೆ. ಕುತ್ತಿಗೆ ಸುತ್ತ ಉಂಗುರದ ಹಾಗೆ ಮಡಿಕೆ ಮಡಿಕೆ. ತಲೆಗೂದಲು ಮಾತ್ರ ಬಹಳ ಶ್ರಮಪಟ್ಟು ಹೆಣೆದಿರೋದು, ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ. ಸಿಲ್ವಿಯಾ ಬೂನ್ ಅಂತ ಒಬ್ಬ ವಿದ್ವಾಂಸೆ ಮೆಂಡೆ ಹೆಂಗಸರ ಜೊತೆ ಕೂತು ಇದನ್ನೆಲ್ಲ ಕೇಳಿ ತಿಳ್ಕೊಂಡು 1986ರಲ್ಲಿ ಬರೆದ್ರು, ಈ ಮುಖದಲ್ಲಿರೋ ಒಂದೊಂದೂ ಒಂದೊಂದು ಗುಣ, ಚಿಕ್ಕ ಬಾಯಿ ಅಂದ್ರೆ ಚಾಡಿ ಹೇಳಲ್ಲ, ಇಳಿಸಿದ ಕಣ್ಣು ಅಂದ್ರೆ ಸಂಯಮ, ಹೀಗೆ. ಕುಣಿಯುವಾಗ ಮೈಯ ಒಂದು ಇಂಚೂ ಕಾಣ್ಬಾರ್ದು, ಕಪ್ಪು ರಾಫಿಯಾ, ಅಂದ್ರೆ ಒಂದು ಜಾತಿ ತಾಳೆ ಗಿಡದ ನಾರು, ಮತ್ತೆ ಬಟ್ಟೆ ಎಲ್ಲಾ ಮುಚ್ಚಿರತ್ತೆ. ಒಳಗಿರೋರು ಯಾರು ಅಂತ ಹೇಳ್ಬಾರ್ದು. ಸೋವೆಯಿ ಮಾತಾಡಲ್ಲ, ಜೊತೆಗಿರೋ ಹೆಂಗಸು ಅದರ ಪರವಾಗಿ ಮಾತಾಡ್ತಾಳೆ. ಒಟ್ಟು ಘನತೆ ಅಂದ್ರೆ ಹೇಗಿರ್ಬೇಕು ಅಂತ ಮರದಲ್ಲಿ ಬರೆದಿಟ್ಟ ಹಾಗೆ.

ಹೊರಗಿನ ವಸ್ತುನೂ ಸೇರ್ಸ್ಕೊಂಡಿದ್ದಾರೆ, ಇದು ಸ್ವಲ್ಪ ದಾರಿ ತಪ್ಪಿದ ಮಾತು ಆದ್ರೂ ಹೇಳ್ಬಿಡ್ತೀನಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಲ್ಲಿ ಒಂದು ಸೋವೆಯಿ ಇದೆ, ತಲೆ ಮೇಲೆ ಸಾಹೇಬರ ಟಾಪ್ ಹ್ಯಾಟು. 1886ರಲ್ಲಿ ಲಂಡನ್ನಲ್ಲಿ ಕಲೋನಿಯಲ್ ಅಂಡ್ ಇಂಡಿಯನ್ ಎಕ್ಸಿಬಿಷನ್ ಅಂತ ಒಂದು ಭಾರಿ ಪ್ರದರ್ಶನ ನಡೀತು, ನಮ್ಮ ದೇಶದ ಸಾಮಾನುಗಳನ್ನ ಗುಡ್ಡೆ ಹಾಕಿದ್ದ ಪ್ರದರ್ಶನನೇ, ಅಲ್ಲಿಗೆ ಆಲ್ಡ್ರಿಜ್ ಅನ್ನೋ ವ್ಯಾಪಾರಿ ಮೂಲಕ ಹೋಗಿದ್ದು ಅದು. ಹ್ಯಾಟು ನೋಡಿ ನಮಗೆ ನಗು ಬರತ್ತೆ, ಆದ್ರೆ ಅದು ತಮಾಷೆಗೆ ಹಾಕಿದ್ದಲ್ಲ. ದೊಡ್ಡ ಮನುಷ್ಯರು ಹಾಕೋದು ಅದು, ಸೋವೆಯಿನೂ ದೊಡ್ಡವಳು, ಹಾಗಾಗಿ ಹಾಕಿದ್ರು. ಯಾವುದಕ್ಕೆ ನಗ್ಬೇಕು ಯಾವುದಕ್ಕೆ ನಗ್ಬಾರ್ದು ಅಂತ ಹೊರಗಿನವರಿಗೆ ಎಷ್ಟು ಸುಲಭವಾಗಿ ಉಲ್ಟಾ ಆಗತ್ತೆ ನೋಡಿ.

ಗಂಡಸರ ಕಡೆ ಬಂದ್ರೆ ಗ್‌ಬಿನಿ, ಗೊಬೊಯಿ ಅಂತ ಇನ್ನೂ ಗಂಭೀರವಾದ ವೇಷಗಳು. ಅವಕ್ಕೆ ಮರದ ಮುಖನೇ ಇಲ್ಲ, ರಾಫಿಯಾ ರಾಶಿ ಮೇಲೆ ಚರ್ಮ, ಬಟ್ಟೆ, ಕನ್ನಡಿ, ಕವಡೆ ಇಟ್ಟು ಮಾಡಿದ ಉರುಟು ಟೋಪಿ. ಗ್‌ಬಿನಿ ಅಂತೂ ಪ್ಯಾರಾಮೌಂಟ್ ಚೀಫ್, ಅಂದ್ರೆ ಆ ಸೀಮೆಯ ದೊಡ್ಡ ಮುಖ್ಯಸ್ಥ, ಪಟ್ಟಕ್ಕೆ ಬಂದಾಗ, ತೀರಿಕೊಂಡಾಗ, ಅಂಥ ದೊಡ್ಡ ಸಂದರ್ಭಕ್ಕೆ ಬರೋದು, ಹೆಂಗಸರು ಮಕ್ಕಳು ದೂರ ನಿಲ್ಬೇಕು, ಹತ್ತಿರ ಬಂದ್ರೆ ಅಪಾಯ ಅನ್ನೋ ನಂಬಿಕೆ, ಸುತ್ತ ಕಾವಲಿಗೆ ಜನ.

ಇಷ್ಟೆಲ್ಲ ಭಯ ಭಕ್ತಿ ಆದ್ಮೇಲೆ, ಊರಿನ ಮಧ್ಯದ ಬಯಲಲ್ಲಿ ಜನ ಇನ್ನೂ ಬೆನ್ನು ನೆಟ್ಟಗೆ ಮಾಡ್ಕೊಂಡು ನಿಂತಿರುವಾಗ, ಗೊಂಗೋಲಿ ಬರ್ತಾನೆ.

ಈಗ ಮತ್ತೆ ಮೊದಲಿನ ಸ್ಲೈಡಿಗೆ ಹೋಗೋಣ, ಈ ಸಲ ಸೋವೆಯಿ ಪಕ್ಕ ಇಟ್ಟಿದ್ದೀನಿ. ಅಲ್ಲಿ ಕಿವಿ ಸಣ್ಣದು, ಇಲ್ಲಿ ಮೊರದಗಲ. ಅಲ್ಲಿ ಬಾಯಿ ಮುಚ್ಚಿದೆ, ಇಲ್ಲಿ ಹಾ ಅಂತ ತೆರ್ಕೊಂಡಿದೆ. ಅಲ್ಲಿ ಎಡ ಬಲ ಎರಡೂ ಒಂದೇ ಅಳತೆ, ಇಲ್ಲಿ ಮೂಗು ಸೊಟ್ಟ, ಒಂದು ಕೆನ್ನೆ ಊದಿದೆ ಇನ್ನೊಂದು ಎಲ್ಲೋ ಹೋಗಿದೆ. ಅಲ್ಲಿ ಎಣ್ಣೆ ಕುಡಿದು ಹೊಳಿಯೋ ನುಣುಪು, ಇಲ್ಲಿ ಉಳಿಯೇಟು ಹಾಗೇ ಕಾಣೋ ಒರಟು ಮರ. ಸೈಜು ನೋಡಿ, ಮನುಷ್ಯನ ಮುಖಕ್ಕಿಂತ ಎಷ್ಟೋ ದೊಡ್ಡದು. ಇದನ್ನ ನೋಡಿ "ಕೆತ್ತೋಕೆ ಬರದೇ ಇರೋನು ಯಾರೋ ಕೆತ್ತಿರ್ಬೇಕು" ಅನ್ಸತ್ತೆ, ಹಳೇ ಕಾಲದ ಕೆಲವು ಸಂಗ್ರಾಹಕರಿಗೂ ಹಾಗೇ ಅನ್ಸಿತ್ತು ಅಂತ ಕಾಣತ್ತೆ, ಯಾಕಂದ್ರೆ ಮ್ಯೂಸಿಯಮ್ಮುಗಳಲ್ಲಿ ಸೋವೆಯಿ ರಾಶಿ ರಾಶಿ ಸಿಗತ್ತೆ, ಗೊಂಗೋಲಿ ಅಪರೂಪ. ಆದ್ರೆ ಪಟ್ಟಿ ಮಾಡ್ಕೊಂಡು ನೋಡಿ, ಒಂದೇ ಒಂದು ನಿಯಮನೂ ಬಿಡದೆ ಮುರಿದಿದ್ದಾನೆ. ನಿಯಮ ಗೊತ್ತಿಲ್ಲದೋನು ಕೆತ್ತಿದ್ರೆ ಎಲ್ಲೋ ಒಂದು ಕಡೆ ತಪ್ಪಿ ಚಂದ ಆಗ್ಬಿಡ್ತಿತ್ತು. ಹೀಗೆ ಪೂರ್ತಿ ಕೆಡಿಸೋಕೆ ಕೈ ಪಳಗಿರ್ಬೇಕು.

ವೇಷನೂ ಅದೇ ಲೆಕ್ಕ. ಹರಕು ಬಟ್ಟೆ, ಚಿಂದಿ, ಒಣಗಿದ ಎಲೆ, ನಾರು, ಏನು ಕೈಗೆ ಸಿಗತ್ತೋ ಅದು. ಮೈ ಕಂಡ್ರೆ ಕಾಣ್ಲಿ. ಕುಣಿತ ಅಂತ ಶುರು ಮಾಡ್ತಾನೆ, ಡೋಲಿನವನು ಒಂದು ಕಡೆ, ಇವನ ಕಾಲು ಇನ್ನೊಂದು ಕಡೆ, ಎಡವಿ ಬೀಳ್ತಾನೆ, ಬಿದ್ದಲ್ಲೇ ಧೂಳಲ್ಲಿ ಹೊರಳಾಡ್ತಾನೆ. ಸೋವೆಯಿ ಮಾತಾಡಲ್ಲ ಅಂದ್ನಲ್ಲ, ಇವನು ಬಾಯಿ ಮುಚ್ಚಲ್ಲ. ತನ್ನ ಮುಖದ ಬಗ್ಗೆ ತಾನೇ ಆಡ್ಕೊಳ್ತಾನೆ, ನನ್ನಷ್ಟು ಕುರೂಪಿ ಇನ್ಯಾರೂ ಇಲ್ಲ ಅನ್ನೋ ಧಾಟಿಲಿ, ಅಲ್ಲಿಂದ ನಿಧಾನಕ್ಕೆ ಮುಂದಿನ ಸಾಲಲ್ಲಿ ಕೂತಿರೋ ದೊಡ್ಡವರ ಕಡೆ ತಿರುಗ್ತಾನೆ. ಊರ ಮುಖ್ಯಸ್ಥನನ್ನೂ ಬಿಡಲ್ಲ. ಬೇರೆ ಯಾರಾದ್ರೂ ಚೀಫ್ ಎದುರು ಹಾಗೆ ಮಾತಾಡಿದ್ರೆ ದಂಡ ಬೀಳ್ತಿತ್ತು. ಇವನಿಗೆ ಇಲ್ಲ.

ನನಗೆ ಬಹಳ ಇಷ್ಟ ಆಗೋದು ಇನ್ನೊಂದು ವಿಷಯ. ಬೇರೆ ವೇಷಗಳಲ್ಲಿ ಒಳಗಿರೋದು ಯಾರು ಅನ್ನೋದು ಗುಟ್ಟು, ಆ ಗುಟ್ಟು ಒಡೆದ್ರೆ ಅಪರಾಧ. ಗೊಂಗೋಲಿ ಹಾಕೋನು ಯಾರು ಅಂತ ಎಲ್ಲರಿಗೂ ಗೊತ್ತು, ಕೆಲವು ಸಲ ಅವನೇ ಜನರ ಮುಂದೆ ಮುಖವಾಡ ಎತ್ತಿಬಿಡ್ತಾನೆ. ಸಂಘದ ಗುಟ್ಟು ಇವನ ಹತ್ರ ಯಾವುದೂ ಇಲ್ಲ, ಆವಾಹನೆ ಮಾಡ್ಬೇಕಾದ ಶಕ್ತಿನೂ ಇಲ್ಲ. ಸೋವೆಯಿ ಕೆಡದ ಹಾಗೆ ನೋಡ್ಕೊಂಡವರೇ ಅದೇ ಊರಲ್ಲಿ ಅದನ್ನ ಅಣಕಿಸೋ ಮುಖನೂ ಇಟ್ಕೊಂಡಿದ್ದಾರೆ, ಅದೂ ಬೇರೆ ದಿನ ಅಲ್ಲ, ಅದೇ ಸಮಾರಂಭದ ಕೊನೆಗೆ.

ಹೆಂಗಸರ ಕಡೆನೂ ಇಂಥದ್ದೊಂದಿದೆ, ಗೊಂಡೆ ಅಂತ. ಹಳೇದಾಗಿ ಬಿರುಕು ಬಿಟ್ಟ, ಇನ್ನು ಕುಣಿತಕ್ಕೆ ಆಗಲ್ಲ ಅಂತ ಬಿಟ್ಟ ಸೋವೆಯಿ ಮುಖವಾಡನೇ ಎತ್ಕೊಂಡು, ಅದರ ಮೇಲೆ ಬಣ್ಣ ಬಳ್ದು, ಚಿಂದಿ, ಚಿಪ್ಪು, ತಗಡಿನ ಡಬ್ಬ ಎಲ್ಲ ಕಟ್ಟಿ ಗೊಂಡೆ ಮಾಡ್ತಾರೆ. ಸೋವೆಯಿ ಗಂಭೀರವಾಗಿ ಹೆಜ್ಜೆ ಹಾಕ್ತಿರ್ತಾಳೆ, ಇವಳು ಹಿಂದೆ ಮುಂದೆ ಓಡಾಡ್ಕೊಂಡು, ಜನರ ಹತ್ರ ಕೈ ಚಾಚಿ ಕಾಸು ಕೇಳ್ಕೊಂಡು, ತಪ್ಪು ತಪ್ಪಾಗಿ ಕುಣ್ಕೊಂಡು ಇರ್ತಾಳೆ. ಕಾಡಿನ ಶಾಲೆಲಿ ಭಯಪಟ್ಕೊಂಡಿರೋ ಹುಡುಗೀರಿಗೆ ಸೋವೆಯಿಗಿಂತ ಇವಳೇ ಹತ್ತಿರ ಅನ್ಸಿದ್ರೆ ಆಶ್ಚರ್ಯ ಏನಿಲ್ಲ. ಎಲ್ಲರಿಗೂ ಸೋವೆಯಿ ಆಗೋಕಾಗತ್ತಾ ಹೇಳಿ.

ಈಗ ಒಬ್ಬರು ಚೀಟಿಲಿ ಬರೆದು ಕೊಟ್ಟಿದ್ದಾರೆ, "ಬೈಸ್ಕೊಂಡೋರು ಸುಮ್ನಿರ್ತಾರಾ?" ಒಳ್ಳೇ ಪ್ರಶ್ನೆ, ಇದಕ್ಕೆ ಗೊಂಗೋಲಿಗಿಂತ ನೈಜೀರಿಯಾದ ಉದಾಹರಣೆ ಚೆನ್ನಾಗಿದೆ. ಆಗ್ನೇಯ ನೈಜೀರಿಯಾದಲ್ಲಿ ಅಫಿಕ್ಪೊ ಅಂತ ಇಗ್ಬೋ ಜನರ ಊರುಗಳ ಗುಂಪಿದೆ. ಅಲ್ಲಿ ಸೈಮನ್ ಓಟನ್‌ಬರ್ಗ್ ಅನ್ನೋ ಅಮೆರಿಕನ್ ಮಾನವಶಾಸ್ತ್ರಜ್ಞ 1950ರ ದಶಕದಲ್ಲಿ ಹೋಗಿ ಇದ್ದು, ಒಕುಮ್ಕ್ಪಾ ಅನ್ನೋ ಮುಖವಾಡದ ಆಟ ನೋಡಿ ವಿವರವಾಗಿ ಬರ್ದಿಟ್ಟಿದ್ದಾನೆ. ಮಳೆ ಇಲ್ಲದ ಒಣ ಕಾಲದಲ್ಲಿ ನಡೆಯೋದು, ಊರ ಬಯಲಲ್ಲಿ, ದೊಡ್ಡ ಗುಂಪು, ಕೆಲವು ಸಲ ನೂರಕ್ಕೂ ಹೆಚ್ಚು ಜನ ವೇಷ ಹಾಕಿರ್ತಾರೆ. ಹಾಡು, ಮಧ್ಯೆ ಚಿಕ್ಕ ಚಿಕ್ಕ ನಾಟಕ. ನಾಟಕದಲ್ಲಿ ಬರೋ ಪಾತ್ರ ಅದೇ ಊರಿನವರು, ಹೆಸರು ಹಿಡಿದೇ. ನ್ಯಾಯ ಹೇಳೋಕೆ ಕೂತು ಎರಡೂ ಕಡೆಯಿಂದ ದುಡ್ಡು ತಿಂದ ಹಿರೀಕ, ದುರಾಸೆಗೆ ಬಿದ್ದು ಮೋಸ ಹೋದವನು, ಇಂಥವರೆಲ್ಲ ಎಲ್ಲರೆದುರು ಮೂರಾಬಟ್ಟೆ. ಆಡೋರು ಹೆಚ್ಚಾಗಿ ಕಿರಿಯರು, ಆಡಿಸ್ಕೊಳೋರು ಹಿರಿಯರು.

ಅಲ್ಲೂ ಎರಡು ಜಾತಿ ಮುಖ ಇದೆ. ಬಿಳಿ ಬಳಿದ, ತೆಳ್ಳಗಿನ ನೀಟಾದ ಮುಖಗಳು, ಅವು ಚಂದ ಕುಣಿಯೋದಕ್ಕೆ. ಇನ್ನೊಂದು ಕಪ್ಪಗೆ, ಬಾಯಿ ವಕ್ರ ಮೂಗು ವಕ್ರ, ಒಕ್ಪೆಸು ಉಮುರುಮಾ ಅಂತಾರೆ, ಹಿರಿಯರನ್ನ ಅಣಕಿಸೋ ದೃಶ್ಯ ಬಂದ್ರೆ ಹಾಕೋದು ಇದನ್ನೇ. ಬಿಳಿಯ ಸಾಹೇಬನದ್ದೂ ಒಂದು ಮುಖ ಇಟ್ಟಿದ್ದಾರೆ, ಬೆಕೆ ಅಂತ. ಮುಖವಾಡ ಹಾಕ್ದೋನನ್ನ ಆ ಹೊತ್ತಿಗೆ ಅವರು ಮನುಷ್ಯ ಅಂತ ಲೆಕ್ಕ ಹಾಕಲ್ಲ, ಅದು ಮ್ಮಾ, ಒಂದು ಶಕ್ತಿ. ಶಕ್ತಿ ಜೊತೆ ಯಾರು ಜಗಳ ಆಡ್ತಾರೆ. ಹಾಗಾಗಿ ಬೈಸ್ಕೊಂಡೋನು ಕೂತಲ್ಲೇ ನಗ್ತಾ ಕೂರ್ಬೇಕು, ಎದ್ದು ಹೋದ್ರೆ ಇನ್ನೂ ಮರ್ಯಾದೆ ಹೋಗತ್ತೆ. ಒಳಗೊಳಗೆ ಉರಿಯಲ್ವಾ ಅಂದ್ರೆ ಉರಿದೇ ಉರಿಯತ್ತೆ, ಮನುಷ್ಯರೇ ತಾನೆ ಅವರೂ. ಇದನ್ನ "ಆಹಾ ಎಂಥ ಪ್ರಜಾಪ್ರಭುತ್ವ" ಅಂತ ಹೊಗಳೋರಿದ್ದಾರೆ, ನನಗೆ ಅಷ್ಟು ಉತ್ಸಾಹ ಇಲ್ಲ. ಅಲ್ಲಿ ಹೆಂಗಸರೂ ಬೈಸ್ಕೊಳ್ತಾರೆ, ಗಂಡಸರ ಮಾತು ಕೇಳಲ್ಲ ಅಂತ, ಆದ್ರೆ ತಿರುಗಿ ಬೈಯ್ಯೋಕೆ ಅವರಿಗೆ ಮುಖವಾಡ ಕೊಟ್ಟಿಲ್ಲ.

ಹೆಂಗಸರ ಮಾತು ಬಂತಲ್ಲ, ಯೊರೂಬಾ ಜನರ ಗೆಲೆಡೆ ಬಗ್ಗೆ ಹೇಳ್ಲೇಬೇಕು. ನೈಜೀರಿಯಾದ ನೈರುತ್ಯ ಮೂಲೆ ಮತ್ತೆ ಪಕ್ಕದ ಬೆನಿನ್ ದೇಶ, ಕೇತು ಅನ್ನೋ ಹಳೇ ರಾಜ್ಯದ ಕಡೆಯದ್ದು. ಇಡೀ ಉತ್ಸವ "ನಮ್ಮ ತಾಯಂದಿರು" ಅಂತ ಕರೆಸ್ಕೊಳ್ಳೋ ಹಿರಿಯ ಹೆಂಗಸರ ಶಕ್ತಿನ ಸಮಾಧಾನ ಮಾಡೋಕೆ, ಅವರು ಒಲಿದ್ರೆ ಮಕ್ಕಳು ಮರಿ ಬೆಳೆ, ಮುನಿದ್ರೆ ಎಲ್ಲಾ ಹಾಳು. ಸಮಾಧಾನ ಮಾಡೋ ದಾರಿ ಏನು ಅಂದ್ರೆ ಅವರನ್ನ ರಂಜಿಸೋದು. ರಾತ್ರಿ ಸಂತೆ ಮಾಳದಲ್ಲಿ ಎಫೆ ವೇಷ ಬಂದು ಮೊದಲು ತಾಯಂದಿರಿಗೆ ನಮಸ್ಕಾರ ಮಾಡಿ, ಆಮೇಲೆ ಬೆಳಗಿನವರೆಗೆ ಹಾಡಲ್ಲೇ ಊರವರನ್ನ, ಕಳ್ಳರನ್ನ, ರಾಜಕಾರಣಿಗಳನ್ನ ತರಾಟೆಗೆ ತಗೊಳ್ತಾನೆ. ಹಗಲಲ್ಲಿ ಗೆಲೆಡೆ ಕುಣಿತ, ಜೋಡಿ ಜೋಡಿಯಾಗಿ. ಕುಣಿಯೋರೆಲ್ಲ ಗಂಡಸರು, ವೇಷ ಹೆಚ್ಚಾಗಿ ಹೆಣ್ಣಿನದ್ದು, ಮರದ ಮೊಲೆ, ಸೊಂಟಕ್ಕೆ ದಪ್ಪ ದಪ್ಪ ಬಟ್ಟೆ ಸುತ್ತಿ, ಕಾಲಿಗೆ ಕಬ್ಬಿಣದ ಗೆಜ್ಜೆ ಕಟ್ಟಿ, ಡೋಲಿನ ಒಂದೊಂದು ಪೆಟ್ಟಿಗೂ ಸರಿಯಾಗಿ ಹೆಜ್ಜೆ.

ಇದರ ಕೆತ್ತನೆಲಿ ತಮಾಷೆ ಇರೋ ಜಾಗವೇ ಬೇರೆ. ಕೆಳಗೆ ಮುಖ ನೋಡಿ, ಶಾಂತವಾಗಿದೆ, ತಾಳ್ಮೆ ಇರೋ ಹೆಣ್ಣಿನ ಮುಖ. ತಲೆ ಮೇಲೆ ನೋಡಿ, ಒಬ್ಬ ಹೊಲಿಗೆ ಮೆಷಿನ್ ಮುಂದೆ ಕೂತಿದ್ದಾನೆ, ಇನ್ನೊಂದರಲ್ಲಿ ಮೋಟರ್ ಸೈಕಲ್ ಸವಾರ, ಇನ್ನೊಂದರಲ್ಲಿ ವಿಮಾನ, ಇಲ್ಲಿ ಹಾವು ಯಾವುದೋ ಪ್ರಾಣಿನ ನುಂಗ್ತಾ ಇದೆ. ಎಷ್ಟೋ ಸಲ ಎಲ್ಲಾ ಒಂದೇ ಮರದ ತುಂಡಲ್ಲಿ. ಮೇಲಿನ ಬೊಂಬೆಗಳು ಅಲ್ಲಾಡೋ ಹಾಗೂ ಮಾಡ್ತಾರೆ, ದಾರ ವೇಷದ ಒಳಕ್ಕೆ ಬಂದಿರತ್ತೆ, ಕುಣಿಯೋನು ಸರಿಯಾದ ಹೊತ್ತಿಗೆ ಎಳೆದ್ರೆ ಮೇಲೆ ಎರಡು ಬೊಂಬೆ ಗುದ್ದಾಡತ್ತೆ. ಕೆಳಗಿರೋ ಮುಖ ಮಾತ್ರ ಏನೂ ಆಗಿಲ್ಲ ಅನ್ನೋ ಹಾಗೆ ಇರತ್ತೆ. ಗೊಂಗೋಲಿಲಿ ಮುಖನೇ ಕೆಟ್ಟಿದೆ, ಇಲ್ಲಿ ಮುಖ ಚಂದ, ತಲೆ ಮೇಲಿರೋ ಸಂಸಾರ ಕೆಟ್ಟಿದೆ. ನನ್ನನ್ನ ಕೇಳಿದ್ರೆ ಕುಸುರಿ ಕೆಲಸದಲ್ಲಿ ಗೆಲೆಡೆನೇ ಮೇಲು, ಆದ್ರೆ ಧೈರ್ಯದಲ್ಲಿ ಗೊಂಗೋಲಿ. ಗೆಲೆಡೆಗೆ ಯುನೆಸ್ಕೊ 2001ರಲ್ಲಿ ಮನ್ನಣೆ ಕೊಟ್ಟು 2008ರಲ್ಲಿ ಮಾನವ ಪರಂಪರೆಯ ಪಟ್ಟಿಗೆ ಸೇರಿಸ್ತು. ಗೊಂಗೋಲಿಗೆ ಅಂಥ ಗೌರವ ಸಿಗೋದು ಕಷ್ಟ, ಸಿಕ್ಕಿದ್ರೆ ಅದನ್ನೂ ಆಡ್ಕೊಂಡು ನಗ್ತಿದ್ದ ಅನ್ನೋದು ಬೇರೆ ಮಾತು.

ಮ್ಯೂಸಿಯಮ್ಮಿನ ವಿಷಯಕ್ಕೆ ಬರ್ತೀನಿ, ನನ್ನ ತಕರಾರು ಇರೋದೇ ಅಲ್ಲಿ. ಯುರೋಪಿಗೆ ಈ ವೇಷಗಳು ಹೋಗುವಾಗ ಚಿಂದಿ ಬಟ್ಟೆ, ಒಣ ಎಲೆ ಇವನ್ನೆಲ್ಲ ಯಾರೂ ತಗೊಂಡು ಹೋಗ್ಲಿಲ್ಲ, ಕೊಳೆತು ಹೋಗೋ ಸಾಮಾನು ಯಾರಿಗೆ ಬೇಕು. ಡೋಲಿನವನು ಹೋಗ್ಲಿಲ್ಲ, ಮಾತು ಹೋಗ್ಲಿಲ್ಲ, ಎದುರಿಗೆ ಕೂತು ಮುಖ ಕೆಂಪಗೆ ಮಾಡ್ಕೊಂಡ ಹಿರೀಕನೂ ಹೋಗ್ಲಿಲ್ಲ. ಮರದ ಮುಖ ಒಂದು ಹೋಯ್ತು. ಅದನ್ನ ಕಪ್ಪು ಗೋಡೆ ಮೇಲೆ ಹಾಕಿ, ಕೆಳಗಿನಿಂದ ಒಂದು ಲೈಟು ಬಿಟ್ರೆ ಯಾವ ಮುಖನೂ ಭೂತನೇ. ಇಪ್ಪತ್ತನೇ ಶತಮಾನದ ಶುರುವಲ್ಲಿ ಪ್ಯಾರಿಸ್ಸಿನ ಚಿತ್ರಕಾರರು ಆಫ್ರಿಕಾದ ಮುಖವಾಡಗಳಲ್ಲಿ ಭಯ, ಮಾಟ, ಆದಿಮ ಶಕ್ತಿ ಎಲ್ಲಾ ಕಂಡ್ರು, ಜೋಕು ಮಾತ್ರ ಯಾರಿಗೂ ಕಾಣ್ಲಿಲ್ಲ. ಇವತ್ತಿಗೂ ಆಫ್ರಿಕನ್ ಮಾಸ್ಕ್ ಅಂತ ಸರ್ಚ್ ಮಾಡಿ ನೋಡಿ, ಹಾರರ್ ಸಿನಿಮಾ ಪೋಸ್ಟರ್ ಥರದ್ದೇ ಬರತ್ತೆ. ಒಂದು ಇಡೀ ಖಂಡದವರು ಬರೀ ಹೆದರ್ಕೊಂಡೇ ಬದುಕಿದ್ರು ಅನ್ನೋ ಹಾಗೆ.

ಅಲ್ಲಿನ ಜನಕ್ಕೆ ಹೆದರೋ ಕಾರಣಗಳೂ ಕಮ್ಮಿ ಇರ್ಲಿಲ್ಲ ಅನ್ನೋದು ನಿಜ. ಸಿಯೆರಾ ಲಿಯೋನಲ್ಲಿ 1991ರಿಂದ 2002ರವರೆಗೆ ಅಂತರ್ಯುದ್ಧ, ಅದು ಶುರುವಾಗಿದ್ದೇ ಪೂರ್ವದ ಗಡಿಯಿಂದ, ಮೆಂಡೆ ಊರುಗಳಿರೋ ಕಡೆಯಿಂದ. ಊರಿಗೆ ಊರೇ ಖಾಲಿ ಆದಾಗ ಯಾರ ಮುಖವಾಡ ಎಲ್ಲಿ. ಆಮೇಲೆ 2014ರಲ್ಲಿ ಎಬೋಲಾ, ಕೈಲಾಹುನ್, ಕೆನೆಮಾ ಇವೇ ಮೊದಲು ಪೆಟ್ಟು ತಿಂದಿದ್ದು, ಜನ ಗುಂಪು ಸೇರೋ ಹಾಗಿಲ್ಲ, ಸತ್ತವರನ್ನ ತೊಳೆದು ಕಳ್ಸೋ ಹಾಗಿಲ್ಲ, ದೀಕ್ಷೆ ಬಂದ್. ಅದೆಲ್ಲ ಆದ್ಮೇಲೂ ವೇಷಗಳು ವಾಪಸ್ ಬಂದಿವೆ, ಮೊಬೈಲಲ್ಲಿ ತೆಗೆದ ವಿಡಿಯೋಗಳು ಸಿಗತ್ತೆ. ಅಲ್ಲಿ ಕ್ರಿಯೋ ಭಾಷೆಲಿ ಎಲ್ಲಾ ವೇಷಕ್ಕೂ ಡೆಬುಲ್ ಅಂತಾರೆ, ಹುಡುಕೋರು ಆ ಮಾತಲ್ಲೂ ಹುಡುಕಿ. ಕ್ವಾಲಿಟಿ ಅಷ್ಟಕ್ಕಷ್ಟೇ, ಕ್ಯಾಮೆರಾ ಹಿಡಿದೋನು ನಗ್ತಿರೋದ್ರಿಂದ ಎಲ್ಲಾ ಅಲ್ಲಾಡ್ತಿರತ್ತೆ.

ಕೊನೇ ಸ್ಲೈಡು. ಇದು ಮರ ಅಲ್ಲ, ಪ್ಲಾಸ್ಟಿಕ್ ಕ್ಯಾನು. ಬೆನಿನ್ನಿನ ಪೋರ್ಟೊ ನೋವೊದ ರೊಮುವಾಲ್ಡ್ ಹಜೂಮೆ ಅನ್ನೋ ಕಲಾವಿದನದ್ದು. ನೈಜೀರಿಯಾದಿಂದ ಬೆನಿನ್ನಿಗೆ ಕಳ್ಳಸಾಗಣೆ ಪೆಟ್ರೋಲು ಈ ಕ್ಯಾನುಗಳಲ್ಲೇ ಬರ್ತಿತ್ತು, ಬೈಕಿನ ಸುತ್ತ ಹತ್ತಾರು ಕ್ಯಾನು ಕಟ್ಕೊಂಡು ಹೋಗೋರು. ಒಡೆದು ಬಿಸಾಕಿದ ಕ್ಯಾನನ್ನ ಅರ್ಧಕ್ಕೆ ಕತ್ತರಿಸಿದ, ಹಿಡಿ ಮೂಗಾಯ್ತು, ಪೆಟ್ರೋಲು ಸುರಿಯೋ ಬಾಯೇ ಬಾಯಾಯ್ತು, ಕೂದಲಿಗೆ ಹಳೇ ವಯರ್ರೋ ಬ್ರಷ್ಷೋ. ನೋಡಿದ್ರೆ ನಿಮ್ಮ ಬೀದಿಲಿ ಯಾರೋ ಒಬ್ಬರ ಥರ ಖಂಡಿತ ಇರತ್ತೆ. ಯೊರೂಬಾ ಮೂಲದವನು, ಮುಖವಾಡ ನೋಡ್ಕೊಂಡೇ ಬೆಳೆದವನು. 2007ರಲ್ಲಿ ಜರ್ಮನಿಯ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಇದೇ ಥರ ಕ್ಯಾನುಗಳಿಂದ ಒಂದು ದೋಣಿ ಮಾಡಿಟ್ಟಿದ್ದ, ಅದಕ್ಕೆ ಆರ್ನಾಲ್ಡ್ ಬೋಡೆ ಪ್ರಶಸ್ತಿನೂ ಬಂತು. ಯಾಕಪ್ಪ ಕಸದಲ್ಲಿ ಮುಖವಾಡ ಅಂತ ಕೇಳಿದ್ದಕ್ಕೆ, ಪಶ್ಚಿಮದವರ ಕಸ ನಮ್ಮಲ್ಲಿಗೆ ದಿನಾ ಬಂದು ಬೀಳತ್ತೆ, ಅವರದ್ದನ್ನ ಅವರಿಗೇ ವಾಪಸ್ ಕಳಿಸ್ತಿದ್ದೀನಿ ಅನ್ನೋ ಅರ್ಥದ ಮಾತು ಹೇಳಿದ್ದಾನೆ. ಬ್ರಿಟಿಷ್ ಮ್ಯೂಸಿಯಮ್ಮಿನವರೂ ಅವನ ಕ್ಯಾನುಗಳ ಕೃತಿ ಒಂದನ್ನ ತಗೊಂಡು ಇಟ್ಕೊಂಡಿದ್ದಾರೆ.